ಲೀಟರಿಗೆ ಜಾಸ್ತಿ ಕೊಟ್ಟು ಪೆಟ್ರೋಲ್ ಖರ್ಚು ಇಳಿಸಿದ್ದು: ಒಂದು ಕಾರಿನ ಆರು ತಿಂಗಳ ಲೆಕ್ಕ

ನಮ್ಮ ಭಾವನಿಗೆ ಒಂದು ಹೆಮ್ಮೆ ಇತ್ತು. ಎರಡು ವರ್ಷದಿಂದ ತಮ್ಮೂರಿನ ಬಂಕ್‌ನಲ್ಲಿ ಒಂದು ಲೀಟರ್ ಪೆಟ್ರೋಲ್ ಕೂಡ ಹಾಕಿಸಿಲ್ಲ ಅನ್ನೋದು. ಯಾರಾದರೂ ಮನೆಗೆ ಬಂದರೆ ಸಾಕು, ಮಾತು ಹೇಗೋ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. "ಇಲ್ಲಿ ಹಾಕಿಸೋನು ದಡ್ಡ. ನಾನು ಕೆಳಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸ್ಕೊಂಡು ಬರ್ತೀನಿ."

ಅಕ್ಕ ಮಾತ್ರ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಅಗ್ಗದ ಪೆಟ್ರೋಲ್ ಅಂತಾರೆ, ಆದ್ರೆ ತಿಂಗಳ ಕೊನೆಗೆ ಖರ್ಚು ಮಾತ್ರ ಇಳೀತಿಲ್ಲ. ನೀನು ಲೆಕ್ಕ ಬರೆಯೋನಲ್ವಾ, ಒಂದ್ಸಲ ನೋಡೋ."

ಹಾಗೆ ಶುರುವಾಯಿತು ಇದು. ಆರು ತಿಂಗಳು ಒಂದೇ ಕಾರು, ಒಂದೇ ಮನೆ, ಒಂದು ನೋಟ್‌ಬುಕ್. ಕೊನೆಗೆ ಬಂದ ಉತ್ತರ ನಾನು ಅಂದುಕೊಂಡಂತೆಯೂ ಇರಲಿಲ್ಲ, ಭಾವ ಅಂದುಕೊಂಡಂತೆಯೂ ಇರಲಿಲ್ಲ.

ಪರಿಸ್ಥಿತಿ

ಅವರ ಊರು ಗುಡ್ಡದ ಮೇಲಿದೆ. ಇರುವುದು ಒಂದೇ ಬಂಕ್. ಟ್ಯಾಂಕರ್ ತಿರುವು ಹತ್ತಿಕೊಂಡು ಅಷ್ಟು ದೂರ ಬರಬೇಕು, ಆ ಸಾಗಣೆ ಖರ್ಚು ಲೀಟರಿನ ಮೇಲೆ ಬೀಳುತ್ತದೆ. ಊರು ಸಣ್ಣದು, ಮಾರಾಟವೂ ಕಡಿಮೆ. ಬಂಕ್ ನಡೆಸುವ ಖರ್ಚನ್ನು ಅಷ್ಟೇ ಲೀಟರಿನಲ್ಲಿ ಹುಟ್ಟಿಸಿಕೊಳ್ಳಬೇಕು. ಪೈಪೋಟಿಗೆ ಪಕ್ಕದಲ್ಲಿ ಇನ್ನೊಬ್ಬನಿಲ್ಲ. ಪೆಟ್ರೋಲ್ ದುಬಾರಿ ಇರುವ ಯಾವ ಜಾಗ ನೋಡಿದರೂ ಹೆಚ್ಚುಕಡಿಮೆ ಇವೇ ಕಾರಣಗಳು ಸಿಗುತ್ತವೆ: ದೂರ, ಕಡಿಮೆ ಮಾರಾಟ, ಪೈಪೋಟಿ ಇಲ್ಲದಿರುವುದು, ಜೊತೆಗೆ ಆ ಜಾಗದ ತೆರಿಗೆ. ಇದರಲ್ಲಿ ಒಂದೂ ಕಾರಿನವನ ಕೈಯಲ್ಲಿಲ್ಲ.

35 ಕಿಲೋಮೀಟರ್ ಕೆಳಗೆ ದೊಡ್ಡ ಪೇಟೆ ಇದೆ. ಊರಿನ ಬಂಕ್‌ನಲ್ಲಿ ಲೀಟರಿಗೆ 100 ಅಂತಾದರೆ ಅಲ್ಲಿ 91. ಶೇಕಡಾ 9 ಕಡಿಮೆ. ನಿಜವಾದ ಬೆಲೆಯನ್ನು ನಾನು ಬೇಕಂತಲೇ ಬರೆಯುತ್ತಿಲ್ಲ, ಅದು ಇವತ್ತೊಂದು ನಾಳೆಯೊಂದು. ಇಡೀ ಲೆಕ್ಕವನ್ನು ಲೀಟರಿನಲ್ಲೇ ಮಾಡಿದ್ದೇನೆ. ಮೊದಲು ಇದು ನನ್ನ ಅನುಕೂಲಕ್ಕೆ ಮಾಡಿಕೊಂಡದ್ದು. ಆಮೇಲೆ ನೋಡಿದರೆ ವಿಷಯದ ತಿರುಳೇ ಅಲ್ಲಿತ್ತು.

ಕಾರು ಚಿಕ್ಕ ಪೆಟ್ರೋಲ್ ಕಾರು, ಹಳೆಯದು, ಆದರೆ ಇಂಜೆಕ್ಷನ್ ಇಂಜಿನ್, ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಾರಿನೊಳಗಿನ ಕಂಪ್ಯೂಟರೇ ನೋಡಿಕೊಳ್ಳುವಂಥದ್ದು. ಭಾವನ ಕೆಲಸದ ಜಾಗ 14 ಕಿಲೋಮೀಟರ್ ದೂರ. ಮಕ್ಕಳ ಶಾಲೆ 3 ಕಿಲೋಮೀಟರ್. ಮನೆಯಲ್ಲಿ ಬೇರೆ ಗಾಡಿ ಇಲ್ಲ.

ಮೊದಲ ಎರಡು ತಿಂಗಳು: ಏನೂ ಬದಲಿಸದೆ ಅಳತೆ

ಭಾವನಿಗೆ ಇದು ಹಿಡಿಸಲಿಲ್ಲ. ಏನಾದರೂ ಮಾಡೋಣ ಅಂದರೆ ಇವನು ಸುಮ್ನೆ ಬರೆದಿಡು ಅಂತಾನಲ್ಲ ಅಂತ. ಆದರೆ ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಇಳಿಯಿತು ಅಂತ ಹೇಳೋದು ಹೇಗೆ?

ಕ್ರಮ ಸರಳ. ನಾಝಲ್ ತಾನಾಗೇ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸುವುದು. ಆಮೇಲೆ ಬಾಯಿತನಕ ಇನ್ನಷ್ಟು ಸುರಿಸಬಾರದು. ಮೀಟರಿನ ಕಿಲೋಮೀಟರ್ ಬರೆದಿಡುವುದು. ಮುಂದಿನ ಸಲ ಮತ್ತೆ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸುವುದು. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದೇ ಸಲದ ಅಂಕಿಯನ್ನೂ ನಂಬಲಿಲ್ಲ. ಕಾರು ನಿಂತ ನೆಲ ಸ್ವಲ್ಪ ವಾರೆಯಿದ್ದರೂ ಲೀಟರ್ ಹೆಚ್ಚುಕಡಿಮೆ ಹಿಡಿಯುತ್ತದೆ. ಮೂರು ನಾಲ್ಕು ಟ್ಯಾಂಕಿನ ಸರಾಸರಿ ಬಂದಮೇಲೆ ಅಂಕಿ ನಿಲ್ಲುತ್ತದೆ.

ಇದರ ಜೊತೆಗೆ ಇನ್ನೊಂದು ಕೆಲಸ ಹೇಳಿದ್ದೆ. ಕಾರು ಮನೆಯಿಂದ ಹೊರಟಾಗಲೆಲ್ಲ ಎಲ್ಲಿಗೆ, ಎಷ್ಟು ದೂರ ಅಂತ ಒಂದು ಸಾಲು ಬರೆಯುವುದು. ಮೈಲೇಜ್ ಬರೆದಿಡುವವರು ಬಹಳ ಜನ ಇದ್ದಾರೆ. ಎಲ್ಲಿಗೆ ಹೋದೆವು ಅಂತ ಬರೆದಿಡುವವರನ್ನು ನಾನು ಕಾಣೆ. ಅಕ್ಕ ಬರೆದಳು. ಭಾವ ಮೊದಲ ವಾರ ಮರೆತರು, ಆಮೇಲೆ ಪೆನ್ನನ್ನೇ ನೋಟ್‌ಬುಕ್‌ಗೆ ದಾರ ಕಟ್ಟಿ ಗೇರ್ ಪಕ್ಕ ಇಟ್ಟೆ.

ತಿಂಗಳ ಸರಾಸರಿ ಹೀಗೆ ಬಂತು. ಕೆಲಸಕ್ಕೆ 672 ಕಿಲೋಮೀಟರ್. ಶಾಲೆಗೆ 132. ಅಂಗಡಿ, ಔಷಧಿ, ಅದು ಇದು ಅಂತ 100. ತಿಂಗಳಿಗೊಮ್ಮೆ ಹೇಗೂ ಪೇಟೆಗೆ ಹೋಗುವ ಕೆಲಸವಿತ್ತು, ಅದು 70. ಇನ್ನು ಬರೀ ಪೆಟ್ರೋಲ್ ಹಾಕಿಸಲೆಂದೇ ಎರಡು ಸಲ ಪೇಟೆಗೆ, 140. ಒಟ್ಟು 1114 ಕಿಲೋಮೀಟರ್, 86 ಲೀಟರ್. ಲೀಟರಿಗೆ 13ರ ಹತ್ತಿರ.

ಆ 140 ಅನ್ನುವ ಸಾಲನ್ನು ನೋಡಿದಾಗಲೇ ನನಗೆ ನಗು ಬಂದಿತ್ತು. ಆದರೆ ಬಾಯಿ ಬಿಡಲಿಲ್ಲ.

ಅಗ್ಗದ ಬಂಕ್‌ನ ಲೆಕ್ಕ

ಒಂದು ಭಾನುವಾರ ಕೂತು ಭಾವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಅವರೇ ಮಾಡಿದರೆ ನಂಬುತ್ತಾರೆ ಅಂತ.

"ಒಂದು ಸಲಕ್ಕೆ ಎಷ್ಟು ಹಾಕಿಸ್ತೀರಿ ಭಾವ?"

"34 ಲೀಟರ್."

"ಲೀಟರಿಗೆ 9 ಉಳೀತು. ಒಟ್ಟು?"

"306. ಅಂದ್ರೆ ಇಲ್ಲಿನ ಬೆಲೆಗೆ ಮೂರು ಲೀಟರ್ ಪುಕ್ಕಟೆ! ಕಡಿಮೆನಾ?"

"ಕಡಿಮೆ ಏನಿಲ್ಲ. ಹೋಗಿ ಬರೋಕೆ 70 ಕಿಲೋಮೀಟರ್. ಲೀಟರಿಗೆ 13 ಅಂದ್ರೆ ಎಷ್ಟು ಸುಡ್ತು?"

ಪೆನ್ನು ಸ್ವಲ್ಪ ಹೊತ್ತು ನಿಂತಿತು. 5.4 ಲೀಟರ್. ಕೆಳಗಿನ ಅಗ್ಗದ ಬೆಲೆಯಲ್ಲೇ ಹಿಡಿದರೂ 490. ಉಳಿಸಿದ್ದು 306, ಉಳಿಸಲು ಸುಟ್ಟಿದ್ದು 490. ಒಂದೊಂದು ಸಲಕ್ಕೂ ಊರಿನ ಬೆಲೆಯಲ್ಲಿ ಸುಮಾರು 1.8 ಲೀಟರ್ ನಷ್ಟ. ತಿಂಗಳಿಗೆ ಎರಡು ಸಲ. ಎರಡು ವರ್ಷ. ಗುಣಿಸಬೇಡಿ ಅಂದೆ, ಅವರು ಗುಣಿಸಿದರು. ಆಮೇಲೆ ಅರ್ಧ ಗಂಟೆ ಮಾತಾಡಲಿಲ್ಲ.

ಇದರಿಂದ ಒಂದು ಸುಲಭ ಅಂದಾಜು ಸಿಗುತ್ತದೆ. ಹಾಕಿಸುವ ಲೀಟರನ್ನು ಬೆಲೆ ವ್ಯತ್ಯಾಸದ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು ಮೈಲೇಜಿನಿಂದ ಗುಣಿಸಬೇಕು. ಇವರ ಕಾರಿಗೆ 34 ಲೀಟರ್, 9 ಶೇಕಡಾ, 13 ಮೈಲೇಜ್: ಸುಮಾರು 40. ಅಂದರೆ ಪೆಟ್ರೋಲಿಗೋಸ್ಕರ ಹೋಗಿ ಬರುವ ದೂರ ಒಟ್ಟು 40 ಕಿಲೋಮೀಟರ್ ದಾಟಿದರೆ ಕೈಯಿಂದ ಹೋಗುತ್ತದೆ. ಸರಿಯಾಗಿ 40 ಇದ್ದರೂ ಲಾಭವಿಲ್ಲ, ಬರೀ ಸಮಸಮ. ಟಯರು, ಬ್ರೇಕು ಸವೆಯುವುದು, ಅರ್ಧ ದಿನ ಹೋಗುವುದು ಬೇರೆ. ಅರ್ಧ ದೂರ, ಅಂದರೆ 20 ಕಿಲೋಮೀಟರ್ ಒಳಗೆ ಇದ್ದರೆ ಯೋಚನೆ ಮಾಡಬಹುದು. ಬೇರೆ ಕೆಲಸಕ್ಕೆ ಹೇಗೂ ಹೋದಾಗ ಹಾಕಿಸಿದರೆ ಮಾತ್ರ ಆ ಮೂರು ಲೀಟರ್ ಪೂರ್ತಿ ಲಾಭ. ಅದನ್ನು ಬಿಡಬಾರದು.

ಇಲ್ಲೊಂದು ಅಪಾಯದ ಐಡಿಯಾ ಬಂತು. "ಹಾಗಾದ್ರೆ ತಿಂಗಳಿಗೊಮ್ಮೆ ಹೋದಾಗ ಎರಡು ಕ್ಯಾನ್ ತುಂಬಿಸ್ಕೊಂಡು ಬಂದು ಮನೇಲಿ ಇಟ್ಕೊಳ್ಳೋಣ" ಅಂದರು ಭಾವ. ಖಂಡಿತ ಬೇಡ ಅಂದೆ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಕರಗುವುದಿಲ್ಲ, ನೆಲದ ಮೇಲೆ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ಒಲೆ ಪಕ್ಕದ ಕೋಣೆಯಲ್ಲಿದ್ದರೂ ಅಲ್ಲಿಗೆ ತಲುಪುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ. ಮೂರು ಲೀಟರ್ ಉಳಿಸಲು ಈ ಕೆಲಸವೇ? ಅಕ್ಕ ಅಲ್ಲೇ ಮಾತು ಮುಗಿಸಿದಳು: "ಕ್ಯಾನ್ ಒಳಗೆ ಬಂದ್ರೆ ನಾನು ಹೊರಗೆ."

ಮಧ್ಯೆ ಒಂದು ಅಯಸ್ಕಾಂತ

ಎರಡನೇ ತಿಂಗಳಲ್ಲಿ ನನಗೆ ಗೊತ್ತಿಲ್ಲದಂತೆ ಒಂದು ಪ್ರಯೋಗ ನಡೆದಿತ್ತು. ಭಾವ ಯಾರದೋ ಮಾತು ಕೇಳಿ ಒಂದು ಜೋಡಿ ಅಯಸ್ಕಾಂತ ತಂದು ಪೆಟ್ರೋಲ್ ಪೈಪಿಗೆ ಕಟ್ಟಿದ್ದರು. ಇಂಧನದ ಕಣಗಳನ್ನು ಒಂದೇ ಸಾಲಿಗೆ ತರುತ್ತದಂತೆ, ಮೈಲೇಜ್ ಕಾಲು ಭಾಗ ಏರುತ್ತದಂತೆ. ನನಗೆ ಹೇಳದೆ ಕಟ್ಟಿದ್ದು ಒಳ್ಳೆಯದೇ ಆಯಿತು. ನೋಟ್‌ಬುಕ್ಕಿಗೂ ಗೊತ್ತಿರಲಿಲ್ಲ. ಕಟ್ಟುವ ಮೊದಲಿನ ಎರಡು ಟ್ಯಾಂಕ್ 12.9, 13.1. ಕಟ್ಟಿದ ಮೇಲಿನ ಎರಡು 13.0, 12.9.

ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಇಂಥ 100ಕ್ಕೂ ಹೆಚ್ಚು ಸಾಧನ ಮತ್ತು ಬೆರಕೆ ದ್ರವಗಳನ್ನು ಪರಿಶೀಲಿಸಿದೆ. ಮೈಲೇಜ್ ಸ್ವಲ್ಪವಾದರೂ ಏರಿಸಿದವು ಬೆರಳೆಣಿಕೆ, ಅದೂ ಅಲ್ಪಸ್ವಲ್ಪ. ಪೈಪಿಗೆ ಕಟ್ಟುವ ಒಂದು ಅಯಸ್ಕಾಂತದಿಂದ ಮೈಲೇಜ್ ಕಾಲು ಭಾಗ ಏರುವುದಾಗಿದ್ದರೆ ಕಾರು ಮಾಡುವವರೇ ಅದನ್ನು ಹಾಕಿ ಕೊಡುತ್ತಿರಲಿಲ್ಲವೇ? ಆ ಅಯಸ್ಕಾಂತ ಈಗ ಅಕ್ಕನ ಫ್ರಿಜ್ ಬಾಗಿಲಿನಲ್ಲಿದೆ, ಪೆಟ್ರೋಲ್ ಬಿಲ್ ಹಿಡಿದುಕೊಂಡು. ಹಿಡಿತ ಚೆನ್ನಾಗಿದೆ.

ಇದೇ ಸಾಲಿಗೆ ಸೇರಿದ ಇನ್ನೂ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಓಡುತ್ತೆ ಅನ್ನೋದು. ಪ್ರೀಮಿಯಂಗೆ ಹೆಚ್ಚಿರುವ ಆಕ್ಟೇನ್ ಅಂಕಿ ಹೇಳುವುದು, ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಬಡಿಯುವುದನ್ನು (ನಾಕಿಂಗ್) ಎಷ್ಟು ತಡೆಯುತ್ತದೆ ಅಂತ, ಶಕ್ತಿ ಎಷ್ಟಿದೆ ಅಂತಲ್ಲ. ಕಾರಿನ ಪುಸ್ತಕ ಕೇಳದಿದ್ದರೆ ಆ ಹೆಚ್ಚಿನ ದುಡ್ಡು ವ್ಯರ್ಥ. ಬೆಳಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತೆ ಅನ್ನೋದು. ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುವುದು ನಿಜ. ಆದರೆ ಬಂಕ್‌ನ ಟ್ಯಾಂಕ್ ನೆಲದಡಿ ಇರುತ್ತದೆ, ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಬಿಸಿ ಹೆಚ್ಚು ಬದಲಾಗುವುದಿಲ್ಲ. ಅರ್ಧ ಟ್ಯಾಂಕ್ ಮಾತ್ರ ಹಾಕಿಸಿದರೆ ಭಾರ ಕಡಿಮೆ ಅನ್ನೋದು. 20 ಲೀಟರ್ ಅಂದರೆ 15 ಕಿಲೋ. ಒಂದು ಮಗುವಿನ ತೂಕ.

ಎಥನಾಲ್ ಬೆರಕೆಯ ವಿಷಯ ಮಾತ್ರ ನಿಜ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಶೇಕಡಾ 10 ಬೆರೆತಿದ್ದರೆ ಮೈಲೇಜ್ 3 ಶೇಕಡಾ ಇಳಿಯುತ್ತದೆ. ಎರಡು ಬಂಕ್‌ಗಳ ಬೆಲೆ ಹೋಲಿಸುವಾಗ ಬೆರಕೆಯೂ ಒಂದೇನಾ ಅಂತ ನೋಡಿಕೊಳ್ಳಬೇಕು. ಇವರಿಗೆ ಎರಡೂ ಕಡೆ ಒಂದೇ ಇತ್ತು.

ಭಾವ ಊರಲ್ಲಿರದ ಹತ್ತು ದಿನ

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅದೂ ಯೋಚಿಸಿ ಮಾಡಿದ್ದಲ್ಲ.

ಭಾವ ಕೆಲಸದ ಮೇಲೆ ಹತ್ತು ದಿನ ಬೇರೆ ಕಡೆ ಹೋಗಿದ್ದರು, ಕಾರು ಮನೆಯಲ್ಲೇ ಬಿಟ್ಟು. ಅಕ್ಕ ಬೆಳಗ್ಗೆ ಮಕ್ಕಳನ್ನು ಬಿಟ್ಟು ಬಂದಳು, ಸಂಜೆ ಕರೆದುಕೊಂಡು ಬಂದಳು, ನಡುವೆ ಒಂದೆರಡು ಸಲ ಅಂಗಡಿ. ಹೊರಡುವ ಮೊದಲು ಟ್ಯಾಂಕ್ ಫುಲ್ ಇತ್ತು. ನಾನು ಹೇಳಿದೆನೆಂದು ಹತ್ತನೇ ದಿನ ಊರಿನ ಬಂಕ್‌ನಲ್ಲೇ ಮತ್ತೆ ಫುಲ್ ಮಾಡಿಸಿದಳು. ಓಡಿದ್ದು 126 ಕಿಲೋಮೀಟರ್. ಹಿಡಿದದ್ದು 14 ಲೀಟರ್.

ಲೀಟರಿಗೆ 9.

ಅಕ್ಕ ಕಾರನ್ನು ಮೃದುವಾಗಿ ಓಡಿಸುತ್ತಾಳೆ, ಭಾವನಿಗಿಂತ ನೂರು ಪಾಲು ಮೇಲು. ಆದರೂ 13ರ ಜಾಗದಲ್ಲಿ 9. ಕಾರಣ ಅವಳಲ್ಲ, ಇಂಜಿನ್. ತಣ್ಣಗಿರುವ ಇಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೆ ಕಂಪ್ಯೂಟರ್ ಹೆಚ್ಚು ಸುರಿಸುತ್ತದೆ. ಇಂಜಿನ್ ಆಯಿಲ್, ಗೇರ್ ಆಯಿಲ್ ಎರಡೂ ಮಂದವಾಗಿರುತ್ತವೆ, ತಿರುಗಲು ಹೆಚ್ಚು ಬಲ ಬೇಕು. ಇಂಜಿನ್ ತಕ್ಕ ಬಿಸಿಗೆ ಬರಲು ಕೆಲವು ಕಿಲೋಮೀಟರ್ ಓಡಬೇಕು. ಶಾಲೆ 3 ಕಿಲೋಮೀಟರ್. ಬಿಸಿಯಾಗುವ ಹೊತ್ತಿಗೆ ಆಫ್. ಇವರೂರಿನ ಬೆಳಗಿನ ಚಳಿ ಬೇರೆ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿ ನೋಡಿ: 25 ಡಿಗ್ರಿಯಲ್ಲಿ ಸಿಗುವ ಮೈಲೇಜಿಗೆ ಹೋಲಿಸಿದರೆ ಮೈನಸ್ 7ರಲ್ಲಿ ಊರೊಳಗಿನ ಓಡಾಟಕ್ಕೆ ಸುಮಾರು 15 ಶೇಕಡಾ ಇಳಿಯುತ್ತದೆ. 5-6 ಕಿಲೋಮೀಟರಿನ ಸಣ್ಣ ಓಡಾಟವಾದರೆ 24ರವರೆಗೆ. ಇವರಲ್ಲಿ ಅಷ್ಟು ಚಳಿ ಇಲ್ಲ, ಆದರೆ ದೂರ ಅದಕ್ಕಿಂತಲೂ ಕಡಿಮೆ, ರಸ್ತೆ ಏರು.

ಈಗ ಹಳೆಯ ಲೆಕ್ಕವನ್ನು ಬಿಡಿಸಿ ನೋಡಿದೆ. ಶಾಲೆ ಮತ್ತು ಅಂಗಡಿ ಸೇರಿ ತಿಂಗಳಿಗೆ 232 ಕಿಲೋಮೀಟರ್. ಲೀಟರಿಗೆ 9ರಂತೆ ಹತ್ತಿರ ಹತ್ತಿರ 26 ಲೀಟರ್. ಓಡಾಟದಲ್ಲಿ ಐದನೇ ಒಂದು ಭಾಗ, ಪೆಟ್ರೋಲಿನಲ್ಲಿ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ. ಉಳಿದ 882 ಕಿಲೋಮೀಟರಿಗೆ ಕಾರು ನಿಜವಾಗಿ ಕೊಡುತ್ತಿದ್ದದ್ದು 14.6. ನಾವು ಎರಡು ತಿಂಗಳು ಬರೆದುಕೊಂಡಿದ್ದ 13 ಅನ್ನೋದು ಎರಡು ಬೇರೆ ಬೇರೆ ಕಾರುಗಳ ಸರಾಸರಿ ಇದ್ದಂತೆ.

ಬೆಳಗಿನ ಓಡಾಟವನ್ನು ನೋಟ್‌ಬುಕ್ಕಿನಲ್ಲಿ ನೋಡಿದರೆ ಇನ್ನೊಂದು ವಿಚಿತ್ರ ಕಂಡಿತು. ಶಾಲೆ ಇರುವುದು ಭಾವ ಕೆಲಸಕ್ಕೆ ಹೋಗುವ ದಾರಿಯಲ್ಲೇ. 8ಕ್ಕೆ ಮಕ್ಕಳನ್ನು ಬಿಟ್ಟು ಮನೆಗೆ ವಾಪಸ್. ಸವಾ ಒಂಬತ್ತಕ್ಕೆ ಮತ್ತೆ ಅದೇ ದಾರಿಯಲ್ಲಿ, ಶಾಲೆ ಮುಂದಿನಿಂದಲೇ, ಕೆಲಸಕ್ಕೆ.

"ನಡುವೆ ಮನೆಗೆ ಯಾಕೆ ಬರ್ತೀರಿ ಭಾವ?"

"ಪೇಪರ್ ಓದೋಕೆ."

ಪೇಪರ್ ಈಗ ಕಾರಿನಲ್ಲಿ ಹೋಗುತ್ತದೆ.

ಗಾಲಿಯ ಹತ್ತಿರ ಕೈ ಹಿಡಿದು ನೋಡಿದ್ದು

ಮೂರನೇ ತಿಂಗಳಲ್ಲಿ ಕಾರಿನ ಕಡೆ ತಿರುಗಿದೆವು. ಮೊದಲು ಗಾಳಿ. ಬಾಗಿಲ ಕಂಬದ ಸ್ಟಿಕ್ಕರ್ ಹೇಳುವುದು 32 ಪಿಎಸ್‌ಐ (ಟಯರಿನ ಗಾಳಿ ಒತ್ತಡದ ಅಳತೆ). ಬೆಳಗ್ಗೆ ತಣ್ಣಗಿರುವಾಗ ಗೇಜ್ ಇಟ್ಟು ನೋಡಿದರೆ 25, 26, 24, 27. ಭಾವನಿಗೆ ದೊಡ್ಡ ಕಳ್ಳ ಸಿಕ್ಕಿದ ಖುಷಿ. ಆದರೆ ನಾಲ್ಕೂ ಟಯರಿನ ಸರಾಸರಿಯಲ್ಲಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಇಳಿಯುವುದು ಸುಮಾರು 0.2 ಶೇಕಡಾ. ಆರೂವರೆ ಇಳಿದಿತ್ತು, ಅಂದರೆ ಹೆಚ್ಚುಕಡಿಮೆ 1.3 ಶೇಕಡಾ. ತಿಂಗಳಿಗೆ ಒಂದು ಲೀಟರ್. ಗಾಳಿ ಹಿಡಿಸಲೇಬೇಕು, ಟಯರಿನ ಆಯಸ್ಸಿಗೂ ತಿರುವಿನಲ್ಲಿ ಹಿಡಿತಕ್ಕೂ. ಪೆಟ್ರೋಲ್ ಖರ್ಚು ಮಾತ್ರ ಅದರಿಂದ ಕರಗುವುದಿಲ್ಲ.

ನಿಜವಾದ ಕಳ್ಳ ಬೇರೆ ಕಡೆ ಇದ್ದ. ಒಂದು ಸಂಜೆ ಭಾವ ಕೆಲಸದಿಂದ ಬಂದು ಕಾರು ನಿಲ್ಲಿಸಿದ ಕೂಡಲೇ ನಾನು ಸುತ್ತ ಬಂದು ಒಂದೊಂದು ಗಾಲಿಯ ನಡುಭಾಗದ ಹತ್ತಿರ ಅಂಗೈ ಹಿಡಿದೆ. ಮುಟ್ಟಲಿಲ್ಲ, ಹತ್ತಿರ ಹಿಡಿದೆ ಅಷ್ಟೇ. ಮುಂದಿನ ಎರಡು ಬೆಚ್ಚಗಿದ್ದವು. ಹಿಂದಿನ ಬಲಗಾಲಿ ತಣ್ಣಗಿತ್ತು. ಹಿಂದಿನ ಎಡಗಾಲಿಯ ಹತ್ತಿರ ಕೈ ನಿಲ್ಲಲಿಲ್ಲ. ಸುಟ್ಟ ರಬ್ಬರಿನಂಥ ಸಣ್ಣ ವಾಸನೆ. ಜ್ಯಾಕ್ ಕೊಟ್ಟು ಎತ್ತಿ ತಿರುಗಿಸಿದರೆ, ಅರ್ಧ ಸುತ್ತು ಹೋಗಿ ಉಸ್ ಅಂತ ನಿಂತಿತು. ಬಲಗಡೆಯದನ್ನು ತಿರುಗಿಸಿದರೆ ಆರಾಮಾಗಿ ಮೂರು ನಾಲ್ಕು ಸುತ್ತು.

ಬ್ರೇಕ್ ಕಚ್ಚಿಕೊಂಡಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಸರಿಯುತ್ತಿರಲಿಲ್ಲ. ಎಷ್ಟು ತಿಂಗಳಿಂದ ಬ್ರೇಕ್ ಹಾಕಿಕೊಂಡೇ ಓಡುತ್ತಿತ್ತೋ ಏನೋ. ಎರಡು ತಿಂಗಳ ಹಿಂದೆ ಸರ್ವಿಸ್ ಆಗಿತ್ತು, ಬಿಲ್‌ನಲ್ಲಿ "ಬ್ರೇಕ್ ಪರಿಶೀಲನೆ" ಅಂತ ಒಂದು ಸಾಲೂ ಇತ್ತು. ಇರಲಿ. ಕೇಬಲ್ ಬದಲಿಸಿ ಡ್ರಮ್ ಬಿಚ್ಚಿ ಒರೆಸಿದ ಮೇಲೆ ಕೆಲಸದ ಓಡಾಟದ ಮೈಲೇಜ್ 14.6ರಿಂದ 15.4ಕ್ಕೆ ಬಂತು. ಇಡೀ ಆರು ತಿಂಗಳಲ್ಲಿ ಕಾರಿನ ರಿಪೇರಿಯಿಂದ ಸಿಕ್ಕ ದೊಡ್ಡ ಲಾಭ ಇದೊಂದೇ. ಇದಕ್ಕೆ ಬೇಕಾಗಿದ್ದ ಉಪಕರಣ ಅಂಗೈ.

ಏರ್ ಫಿಲ್ಟರ್ ಕೂಡ ಬದಲಿಸಿದೆವು. ಇಂಜೆಕ್ಷನ್ ಇಂಜಿನ್‌ಗೆ ಅದರಿಂದ ಮೈಲೇಜ್ ಏರುವುದಿಲ್ಲ. ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುವಂತೆ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಕಾಲದ ಮಾತು ಈಗಲೂ ಓಡಾಡುತ್ತಿದೆ. ಛಾವಣಿ ಮೇಲಿನ ಕ್ಯಾರಿಯರ್ ಬಿಚ್ಚಿಸಿದೆವು. ಡಿಕ್ಕಿಯಿಂದ ಹಳೇ ಬ್ಯಾಟರಿ, ಕಬ್ಬಿಣದ ತುಂಡುಗಳು, ಎಂದೋ ಇಟ್ಟ ಟೈಲ್ಸ್ ಡಬ್ಬಿ ಇಳಿಸಿದೆವು. ಸುಮಾರು 45 ಕಿಲೋ ಇಳಿದರೆ ಒಂದು ಶೇಕಡಾ.

ಇಳಿಜಾರಿನಲ್ಲಿ ನ್ಯೂಟ್ರಲ್

ಭಾವನ ಓಡಿಸುವ ರೀತಿ ಬಗ್ಗೆ ಬರೆಯುವಾಗ ಸ್ವಲ್ಪ ಎಚ್ಚರಿಕೆ ಬೇಕು, ಅವರೂ ಇದನ್ನು ಓದುತ್ತಾರೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವುದು, ಪ್ರತಿ ತಿರುವಿನಲ್ಲೂ ಬ್ರೇಕ್. ಬ್ರೇಕ್ ಒತ್ತಿದಾಗಲೆಲ್ಲ, ಸುಟ್ಟ ಪೆಟ್ರೋಲಿನಿಂದ ಬಂದ ವೇಗ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ತಿರುವು ಕಾಣುವ ಮೊದಲೇ ಕಾಲು ತೆಗೆದರೆ ಆ ಬ್ರೇಕ್ ಬೇಕಾಗುವುದೇ ಇಲ್ಲ.

ಇಳಿಯುವಾಗ ಅವರ ಜಾಣತನ ಬೇರೆ. ನ್ಯೂಟ್ರಲ್‌ಗೆ ಹಾಕಿ, ಕೆಲವು ಕಡೆ ಇಂಜಿನ್ನೇ ಆಫ್ ಮಾಡಿ ಬಿಡುತ್ತಿದ್ದರು.

"ಭಾವ, ಗೇರ್‌ನಲ್ಲಿಟ್ಟು ಕಾಲು ತೆಗೆದ್ರೆ ಪೆಟ್ರೋಲ್ ಸೊನ್ನೆ. ನ್ಯೂಟ್ರಲ್‌ನಲ್ಲೇ ಸುಡೋದು."

"ಏನ್ ಮಾತಾಡ್ತೀಯ ಮಾರಾಯ, ಇಂಜಿನ್ ತಿರುಗ್ತಿದೆಯಲ್ಲ!"

ತಿರುಗುತ್ತದೆ, ಆದರೆ ತಿರುಗಿಸುತ್ತಿರುವುದು ಗಾಲಿಗಳು. ಇಂಜೆಕ್ಷನ್ ಕಾರು ಗೇರ್‌ನಲ್ಲಿದ್ದು ಕಾಲು ಆಕ್ಸಿಲರೇಟರ್ ಮೇಲಿಲ್ಲದಿದ್ದರೆ, ಇಂಜಿನ್ ವೇಗ ಒಂದು ಮಟ್ಟಕ್ಕಿಂತ ಮೇಲಿರುವವರೆಗೂ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಬಿಡಬೇಕಾಗುತ್ತದೆ. ಇನ್ನು ಇಂಜಿನ್ ಆಫ್ ಮಾಡುವುದು ಶುದ್ಧ ಹುಚ್ಚು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತಿದ ಮೇಲೆ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಸ್ಟೀರಿಂಗೂ ಭಾರ. ಅದೂ ಗುಡ್ಡದ ತಿರುವಿನಲ್ಲಿ.

ಬೆಳಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಸಿಯಾಗಲು ಬಿಡುವ ರೂಢಿಯೂ ಇತ್ತು. ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಓಡಿಸಿದರೆ ಇಂಜಿನ್ ಬೇಗ ಬಿಸಿಯಾಗುತ್ತದೆ. ಚಿಕ್ಕ ಇಂಜಿನ್ ನಿಂತಲ್ಲೇ ಗಂಟೆಗೆ ಮುಕ್ಕಾಲು ಲೀಟರ್ ಸುಡುತ್ತದೆ ಅಂತ ಹಿಡಿದರೂ ತಿಂಗಳಿಗೆ ಒಂದೂವರೆ ಲೀಟರ್.

ವೇಗದ ಬಗ್ಗೆ ಇವರ ದಾರಿಯಲ್ಲಿ ಹೇಳುವಂಥದ್ದು ಕಡಿಮೆ, ತಿರುವುಗಳೇ ನೋಡಿಕೊಳ್ಳುತ್ತವೆ. ನೇರ ಹೆದ್ದಾರಿಯವರಿಗೆ ಮಾತ್ರ ಇದು ದೊಡ್ಡ ವಿಷಯ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ತಡೆ 56 ಶೇಕಡಾ ಹೆಚ್ಚು. 1973ರ ತೈಲ ಬಿಕ್ಕಟ್ಟಿನ ನಂತರ, 1974ರಲ್ಲಿ ಅಮೆರಿಕ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್, ಮಿತಿ ಹಾಕಿದ್ದು ಪೆಟ್ರೋಲ್ ಉಳಿಸಲಿಕ್ಕೇ. ಅದು ಪೂರ್ತಿ ಹೋಗಿದ್ದು 1995ರಲ್ಲಿ.

ಇವೆಲ್ಲ ಸೇರಿ 15.4 ಇದ್ದದ್ದು 16 ಆಯಿತು. ಗಾಳಿಯಿಂದೆಷ್ಟು, ಕ್ಯಾರಿಯರಿನಿಂದೆಷ್ಟು, ಭಾವನ ಬಲಗಾಲಿನಿಂದೆಷ್ಟು ಅಂತ ಬಿಡಿಸಿ ಹೇಳಲಾರೆ. ಒಂದೇ ವಾರದಲ್ಲಿ ಎಲ್ಲ ಮಾಡಿಬಿಟ್ಟೆವು. ಲೆಕ್ಕದವನಾಗಿ ಅದು ನನ್ನ ತಪ್ಪು.

ಐದು ಮತ್ತು ಆರನೇ ತಿಂಗಳ ಸರಾಸರಿ

ಕೆಲಸಕ್ಕೆ ಅದೇ 672. ಪೇಟೆಗೆ ಒಂದೇ ಸಲ, 70. ಪೆಟ್ರೋಲಿಗಾಗಿಯೇ ಹೋಗುವುದು ಸೊನ್ನೆ. ಶಾಲೆಗೆ ಪ್ರತ್ಯೇಕವಾಗಿ ಓಡಿದ್ದು 20, ಎಡವಟ್ಟಾದ ದಿನಗಳದ್ದು. ಅಂಗಡಿ 50ಕ್ಕೆ ಇಳಿಯಿತು. ಉಳಿದದ್ದನ್ನು ಭಾವ ಬರುವ ದಾರಿಯಲ್ಲೇ ತರುತ್ತಾರೆ, ಇಲ್ಲವೇ ಅಕ್ಕ ನಡೆದು ಹೋಗುತ್ತಾಳೆ. ಒಟ್ಟು 812 ಕಿಲೋಮೀಟರ್, 54 ಲೀಟರ್.

86ರಿಂದ 54. ತಿಂಗಳಿಗೆ 32 ಲೀಟರ್ ಕಡಿಮೆ.

ನೋಟ್‌ಬುಕ್ ನೋಡಿ ಭಾವನಿಗೆ ನಂಬಿಕೆ ಬರಲಿಲ್ಲ. "ಮೈಲೇಜ್ 13ರಿಂದ 15ಕ್ಕೆ ಬಂದಿದೆ ಅಷ್ಟೇ. ಇಷ್ಟು ಹೇಗೆ ಇಳಿಯುತ್ತೆ?" ಒಳ್ಳೆಯ ಪ್ರಶ್ನೆ. ಆ 32ರಲ್ಲಿ ಕಾರು ಸುಧಾರಿಸಿದ್ದರಿಂದ ಬಂದದ್ದು ನಾಲ್ಕೂ ಚಿಲ್ಲರೆ ಲೀಟರ್ ಮಾತ್ರ. ಪೆಟ್ರೋಲಿಗೆಂದು ಹೋಗುವುದನ್ನು ಬಿಟ್ಟದ್ದರಿಂದ ಒಂಬತ್ತೂವರೆ. ಶಾಲೆಯನ್ನು ಕೆಲಸದ ದಾರಿಗೆ ಸೇರಿಸಿದ್ದರಿಂದ ಹನ್ನೆರಡೂವರೆ. ಅಂಗಡಿಯಿಂದ ಐದೂವರೆ. ಮೈಲೇಜ್ ಅನ್ನುವ ಅಂಕಿಯಲ್ಲಿ ಓಡಿಸದೇ ಇದ್ದ ಕಿಲೋಮೀಟರ್ ಕಾಣಿಸುವುದೇ ಇಲ್ಲ.

ಮೈಲೇಜ್ ಅಂಕಿಗೆ ಇನ್ನೊಂದು ಮೋಸವೂ ಇದೆ. 10ರಿಂದ 12ಕ್ಕೆ ಏರುವುದು, 18ರಿಂದ 22ಕ್ಕೆ ಏರುವುದು, ಇವೆರಡರಲ್ಲಿ ಯಾವುದು ಲಾಭ? ಎರಡನೆಯದು ಅನ್ನಿಸುತ್ತದೆ. ನೂರು ಕಿಲೋಮೀಟರಿಗೆ ಲೆಕ್ಕ ಹಾಕಿ: ಮೊದಲನೆಯದರಲ್ಲಿ 1.7 ಲೀಟರ್ ಉಳಿಯುತ್ತದೆ, ಎರಡನೆಯದರಲ್ಲಿ 1 ಲೀಟರ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ತೋರಿಸಿದ್ದರು. ಹಾಗಾಗಿಯೇ ಲೀಟರಿಗೆ 9 ಕೊಡುವ ಸಣ್ಣ ಓಡಾಟಗಳನ್ನು ಮೊದಲು ಹಿಡಿಯಬೇಕಾಗಿತ್ತು.

ದುಡ್ಡಿನ ಲೆಕ್ಕ ಇನ್ನೂ ಮಜಾ ಇದೆ. ಮೊದಲು 86 ಲೀಟರೂ ಕೆಳಗಿನ 91ರ ಬೆಲೆಗೆ: ತಿಂಗಳಿಗೆ 7826. ಈಗ 34 ಲೀಟರ್ ತಿಂಗಳಿಗೊಮ್ಮೆ ಪೇಟೆಗೆ ಹೋದಾಗ 91ಕ್ಕೆ, ಬಾಕಿ 20 ಲೀಟರ್ ಊರಿನಲ್ಲೇ 100ಕ್ಕೆ: 5094. ಸರಾಸರಿ ನೋಡಿದರೆ ಲೀಟರಿಗೆ ಮೊದಲಿಗಿಂತ ಮೂರೂ ಚಿಲ್ಲರೆ ಜಾಸ್ತಿ ಕೊಡುತ್ತಿದ್ದಾರೆ. ಒಟ್ಟು ಖರ್ಚು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದೆ.

ಇದು ಒಂದೇ ಮನೆಯ ಲೆಕ್ಕ ಅನ್ನುವುದನ್ನು ಮರೆಯಬಾರದು. ಶಾಲೆ ಕೆಲಸದ ದಾರಿಯಲ್ಲಿ ಇರದಿದ್ದರೆ ಆ ಹನ್ನೆರಡೂವರೆ ಲೀಟರ್ ಸಿಗುತ್ತಿರಲಿಲ್ಲ. ಅಗ್ಗದ ಬಂಕ್ ಎಂಟು ಕಿಲೋಮೀಟರಿನಲ್ಲಿದ್ದರೆ ಭಾವನ ಹೆಮ್ಮೆಯೇ ಸರಿ ಇರುತ್ತಿತ್ತು. ಮೊದಲ ಎರಡು ತಿಂಗಳಲ್ಲಿ ಚಳಿ ಜಾಸ್ತಿ ಇತ್ತು, ಕೊನೆಯ ಎರಡರಲ್ಲಿ ಕಡಿಮೆ. ಅದರ ಪಾಲೂ ಎಲ್ಲೋ ಸೇರಿರುತ್ತದೆ.

ಊರಿನ ಬಂಕ್‌ಗೆ ಭಾವ ಮೊದಲ ಸಲ ಹೋದ ದಿನ ನಾನೂ ಜೊತೆಗಿದ್ದೆ. ಅಕ್ಕಪಕ್ಕ ನೋಡಿಕೊಂಡು, ಪರಿಚಯದವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಒಳಗೆ ತಿರುಗಿಸಿದರು. ಹುಡುಗ ನಾಝಲ್ ಇಟ್ಟು, ಮೀಟರ್ ಸೊನ್ನೆ ತೋರಿಸಿ, ಕಾರನ್ನೂ ಇವರನ್ನೂ ಒಮ್ಮೆ ನೋಡಿದ.

"ಸಾರ್, ಊರಿಗೆ ಹೊಸಬರಾ?"

ಭಾವ ಒಂದು ಕ್ಷಣ ಸುಮ್ಮನಿದ್ದು, "ಹೂಂ" ಅಂದುಬಿಟ್ಟರು.